ಇಪ್ಪತ್ತೇಳನೇ ಪ್ರಶ್ನೆ

ನನ್ನ ಪಿಎಚ್‌ಡಿ ಪ್ರಶ್ನಾವಳಿಯಲ್ಲಿ 41 ಪ್ರಶ್ನೆಗಳಿವೆ. ಹಳ್ಳಿಗಳ ಸ್ವಸಹಾಯ ಸಂಘಗಳಲ್ಲಿ ಸಾಲ ತೆಗೆದುಕೊಳ್ಳುವ ಹೆಂಗಸರು ಆ ದುಡ್ಡನ್ನು ಯಾವುದಕ್ಕೆ ಬಳಸುತ್ತಾರೆ, ಎಲ್ಲಿಂದ ತಂದು ತೀರಿಸುತ್ತಾರೆ ಅನ್ನುವುದು ನನ್ನ ವಿಷಯ. ಮಗಳ ಫೀಸು, ಬೋರ್‌ವೆಲ್ಲು, ಆಸ್ಪತ್ರೆ, ಹಸು, ಹಳೇ ಸಾಲ ಅಂತ ಮೊದಲ 26 ಪ್ರಶ್ನೆಗಳು ಸಲೀಸಾಗಿ ಸಾಗುತ್ತವೆ. 27ನೆಯದಕ್ಕೆ ಬಂದಾಗ ಮಾತ್ರ ಜಗುಲಿಯ ಮೇಲೆ ಒಂದು ನಗು ಏಳುತ್ತದೆ. "ಕಳೆದ ಒಂದು ತಿಂಗಳಲ್ಲಿ ನೀವು ನಿಮಗಾಗಿ ಮಾತ್ರ ಎಷ್ಟು ಖರ್ಚು ಮಾಡಿದಿರಿ?"

"ನಂಗೇ ಅಂತ ಏನ್ ಮಾಡಾನವ್ವ?" ಅನ್ನುತ್ತಾರೆ. ಒಬ್ಬರು ಬಹಳ ಹೊತ್ತು ಯೋಚನೆ ಮಾಡಿ, "ಒಂದ್ ಜೊತೆ ಹವಾಯಿ ಚಪ್ಲಿ ತಕಂಡೆ. ಅದ್ನೂ ಬರ್ಕತೀಯಾ?" ಅಂತ ಕೇಳಿದ್ದರು. ಬರೆದುಕೊಂಡೆ. ಮಿಕ್ಕವರಲ್ಲಿ ಬಹುತೇಕರ ಕಾಲಂನಲ್ಲಿ ಸೊನ್ನೆ. ಸೊನ್ನೆಗಳ ಆ ಸಾಲನ್ನು ನೋಡಿ ನನ್ನ ಗೈಡ್ ಮೇಡಂ, "ಇದರಿಂದ ಏನೂ ಹೊರಡಲ್ಲ, ಈ ಪ್ರಶ್ನೆ ಕೈಬಿಡು" ಅಂದಿದ್ದರು.

ಕೈಬಿಡುವ ಮೊದಲೇ ಕಳೆದ ಅಕ್ಟೋಬರಿನ ಒಂದು ರಾತ್ರಿ ನಾನು ಫೋನಿನಲ್ಲಿ 2,000 ರೂಪಾಯಿ ಕಟ್ಟಿ ಟ್ರಯಥ್ಲಾನ್ ಒಂದಕ್ಕೆ ಹೆಸರು ನೋಂದಾಯಿಸಿದೆ. 'ಪಾವತಿ ಯಶಸ್ವಿ' ಎಂಬ ಹಸಿರು ಗುರುತು ಮೂಡಿದ ಕೂಡಲೇ ನೆನಪಾದದ್ದು ಇಪ್ಪತ್ತೇಳನೇ ಪ್ರಶ್ನೆ. ನನ್ನ ಫೆಲೋಶಿಪ್ಪಿನ ಅವಧಿ ಮುಗಿದು ವರ್ಷವಾಗಿದೆ. ವಾರಕ್ಕೆ ಎರಡು ದಿನ ಒಂದು ಕಾಲೇಜಿನಲ್ಲಿ ಪಾಠ, ಸಂಜೆ ಪಿಯುಸಿ ಮಕ್ಕಳಿಗೆ ಟ್ಯೂಷನ್, ಎಲ್ಲ ಸೇರಿ ತಿಂಗಳಿಗೆ ಸುಮಾರು 12,000. ಅದರಲ್ಲಿ 3,000 ಊರಿಗೆ. ನನ್ನ ಎಂಎ ಫೀಸು ಕಟ್ಟಿದ್ದು ಅವ್ವನ ಸಂಘದ ಸಾಲದಲ್ಲಿ. ಇಂಥವಳು ಯಾವ ಉಪಯೋಗಕ್ಕೂ ಬಾರದ ಒಂದು ಓಟಕ್ಕೆ 2,000 ರೂಪಾಯಿ ಕೊಟ್ಟಿದ್ದಳು. ಅವತ್ತು ನಿದ್ದೆ ಬರಲಿಲ್ಲ.

ಟ್ರಯಥ್ಲಾನ್ ಅಂದರೆ ಮೊದಲು ಈಜು, ಆಮೇಲೆ ಸೈಕಲ್, ಕೊನೆಗೆ ಓಟ. ಮೂರರ ನಡುವೆ ಬಿಡುವಿಲ್ಲ. ಬಟ್ಟೆ, ಶೂ ಬದಲಿಸುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. 1974ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಈ ಹೆಸರಿನ ಸ್ಪರ್ಧೆ ನಡೆಯಿತು. 1978ರಲ್ಲಿ ಹವಾಯಿಯಲ್ಲಿ ನಡೆದ ಮೊದಲ 'ಐರನ್‌ಮ್ಯಾನ್'ಗೆ ಇಳಿದವರು 15 ಜನ, ಮುಗಿಸಿದವರು 12, ಎಲ್ಲರೂ ಗಂಡಸರು. ಮರುವರ್ಷ ಲಿನ್ ಲೆಮೇರ್ ಎಂಬಾಕೆ ಇಳಿದು ಐದನೆಯವಳಾಗಿ ಮುಗಿಸಿದಳು. 2000ದ ಸಿಡ್ನಿ ಒಲಿಂಪಿಕ್ಸಿಗೆ ಈ ಆಟ ಸೇರಿದಾಗ ಮೊದಲು ನಡೆದದ್ದು ಹೆಂಗಸರ ಸ್ಪರ್ಧೆ. ನಾನು ಹೆಸರು ಕೊಟ್ಟದ್ದು ಅಷ್ಟು ದೊಡ್ಡದಕ್ಕಲ್ಲ, 'ಸ್ಪ್ರಿಂಟ್' ಎಂಬ ಕಿರಿಯ ಅವತಾರಕ್ಕೆ. 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಮೈಸೂರಿನ ಹೊರಗಿನ ಒಂದು ಕೆರೆಯಲ್ಲಿ, ಫೆಬ್ರವರಿಯ ಒಂದು ಭಾನುವಾರ.

ಮೂರರಲ್ಲಿ ಓಟ ಮಾತ್ರ ನನಗೆ ಗೊತ್ತಿತ್ತು. ಅದೂ ಪುಕ್ಕಟೆ ಅನ್ನುವ ಕಾರಣಕ್ಕೆ. ಮೂರನೇ ಅಧ್ಯಾಯ ಮೂರನೇ ಸಲ ಕೆಂಪು ಗೀಟುಗಳೊಂದಿಗೆ ವಾಪಸು ಬಂದ ದಿನ ರೂಮಿನಲ್ಲಿ ಕೂರಲಾಗದೆ ಕುಕ್ಕರಹಳ್ಳಿ ಕೆರೆಗೆ ಹೋಗಿದ್ದೆ. ನಡೆಯುತ್ತ ನಡೆಯುತ್ತ ಓಡತೊಡಗಿದೆ. ಸುತ್ತು ನಾಲ್ಕೂವರೆ ಕಿಲೋಮೀಟರಿನ ಆಸುಪಾಸು. ಆವತ್ತು ಕಾಲು ಸುತ್ತಿಗೇ ಎದುಸಿರು ಬಂದು ಕಲ್ಲುಬೆಂಚಿನ ಮೇಲೆ ಕುಸಿದೆ. ನಡುಗಡ್ಡೆಯ ಮರಗಳ ಮೇಲೆ ಹೆಜ್ಜಾರ್ಲೆಗಳು ನನಗಿಂತ ನಿರಾಳವಾಗಿ ಕೂತಿದ್ದವು. ಮರುದಿನ ಮತ್ತೆ ಹೋದೆ. ಆರು ತಿಂಗಳಲ್ಲಿ ಪೂರ್ತಿ ಸುತ್ತು ನಿಲ್ಲದೆ ಓಡುವಂತಾದಾಗ, ಅಲ್ಲೇ ಪರಿಚಯವಾದ ದೈಹಿಕ ಶಿಕ್ಷಣದ ಹುಡುಗಿಯೊಬ್ಬಳು, "ಅಕ್ಕ, ಇನ್ನೆರಡು ಸೇರಿಸಿಕೊಂಡರೆ ಟ್ರಯಥ್ಲಾನ್ ಆಗುತ್ತೆ" ಅಂದಳು. ಇನ್ನೆರಡು ಅಂದರೆ ಎಷ್ಟು ಖರ್ಚು ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಆಮೇಲೆ ಯೂಟ್ಯೂಬಿನಲ್ಲಿ ನೋಡಿದೆ. ಮೂರಕ್ಕೂ ಒಂದೇ ಆಗುವ ವಿಶೇಷ ಉಡುಪು, ಪೆಡಲಿಗೆ ಕಚ್ಚಿಕೊಳ್ಳುವ ಶೂ, ಹೃದಯ ಬಡಿತ ಎಣಿಸುವ ಗಡಿಯಾರ, ದಾರಿಯಲ್ಲಿ ಹೀರಲು ಪುಟ್ಟ ಪೊಟ್ಟಣಗಳಲ್ಲಿ ಸಕ್ಕರೆಯ ಲೇಹ್ಯ. 'ಆರಂಭಿಕರಿಗೆ' ಅಂತ ಒಬ್ಬಾತ ತೋರಿಸಿದ ಕಾರ್ಬನ್ ಸೈಕಲ್ಲಿನ ಬೆಲೆಗೆ ನಮ್ಮ ಕೊಟ್ಟಿಗೆಗೆ ಎರಡು ಎಚ್‌ಎಫ್ ಹಸು ಬರುತ್ತವೆ. ಫೋನ್ ಪಕ್ಕಕ್ಕಿಟ್ಟು ಎರಡು ರೂಲ್ ನೋಟ್‌ಬುಕ್ ತೆಗೆದು, ಮೇಲೆ 'ಒಟ್ಟು ಮಿತಿ 7,000' ಅಂತ ಬರೆದು ಕೆಳಗೆ ಗೆರೆ ಎಳೆದೆ. ಸಾಲದ ಸಂಶೋಧನೆ ಮಾಡುವವಳಿಗೆ ಇಷ್ಟಾದರೂ ಬರಬೇಕಲ್ಲ.

ಸೈಕಲ್ ಪ್ರಶ್ನೆಗೆ ಉತ್ತರ ಊರಿನ ಕೊಟ್ಟಿಗೆಯಲ್ಲಿತ್ತು. ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಯಿತು. 2010ರಲ್ಲಿ ನನಗೂ ಒಂದು ಬಂತು. ಹೈಸ್ಕೂಲು ಮುಗಿಯುವವರೆಗೆ ನಾನು ತುಳಿದೆ. ಆಮೇಲೆ ಅಪ್ಪ ಹಸಿರು ಬಣ್ಣ ಬಳಿದು ಡೈರಿಗೆ ಹಾಲು ಹಾಕಲು ಇಟ್ಟುಕೊಂಡಿತು. ಮೊಪೆಡ್ ಬಂದ ಮೇಲೆ ಅದು ಹುಲ್ಲಿನ ಹಿಂದೆ ಸೇರಿತ್ತು. ಒಂದೇ ಗೇರು, ತೂಕ ಅರ್ಧ ಮೂಟೆಯಷ್ಟು. ಆದರೆ ಸ್ಪರ್ಧೆಯ ನಿಯಮದಲ್ಲಿ ಬೆಲೆಯ ಮಾತಿಲ್ಲ. ಎರಡೂ ಬ್ರೇಕು ಹಿಡಿಯಬೇಕು, ಹ್ಯಾಂಡಲ್ಲಿನ ತುದಿಗಳು ಮುಚ್ಚಿರಬೇಕು, ಸೈಕಲ್ಲನ್ನು ಸ್ಟ್ಯಾಂಡಿನಿಂದ ತೆಗೆಯುವ ಮೊದಲೇ ಹೆಲ್ಮೆಟ್ಟಿನ ಪಟ್ಟಿ ಬಿಗಿದಿರಬೇಕು. ಪಾಂಡವಪುರದ ಶಾಪಿನಲ್ಲಿ ಎರಡು ಟೈರು, ಟ್ಯೂಬು, ಚೈನು, ಬ್ರೇಕಿನ ರಬ್ಬರು ಎಲ್ಲ ಹಾಕಿ 1,260 ತೆಗೆದುಕೊಂಡರು. "ಫೀಲ್ಡ್‌ವರ್ಕಿಗೆ ಬೇಕು" ಅಂತ ಮನೆಯಲ್ಲಿ ಸುಳ್ಳು ಹೇಳಿದ್ದೆ. ಬಸ್ಸಿನ ಲಗೇಜು ಉಳಿಸಲು ತುಳಿದುಕೊಂಡೇ ಹೊರಟೆ. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟಿ, ಹೆದ್ದಾರಿಯ ಸರ್ವಿಸ್ ರಸ್ತೆ ಹಿಡಿದು ಮೈಸೂರು ಮುಟ್ಟುವ ಹೊತ್ತಿಗೆ ಕಾಲು ಇದ್ದವೋ ಇಲ್ಲವೋ ತಿಳಿಯುತ್ತಿರಲಿಲ್ಲ. 20 ಕಿಲೋಮೀಟರ್ ತುಳಿಯಬಲ್ಲೆ ಅನ್ನುವುದು ಮಾತ್ರ ಖಾತ್ರಿಯಾಯಿತು.

ತುಳಿದ ಮೇಲೆ ಓಡುವುದು ಬೇರೆಯದೇ ಕಥೆ. ಇದಕ್ಕೆ 'ಬ್ರಿಕ್' ಅಭ್ಯಾಸ ಅನ್ನುತ್ತಾರೆ. ಸೈಕಲ್ಲಿನಿಂದ ಇಳಿದ ಕೂಡಲೇ ಓಡಬೇಕು. ಮೊದಲ ಹತ್ತು ನಿಮಿಷ ಕಾಲುಗಳು ಬೇರೆ ಯಾರದೋ ಅನಿಸುತ್ತವೆ. ಭಾನುವಾರ ಬೆಳಿಗ್ಗೆ ಲಲಿತಮಹಲ್ ರಸ್ತೆಯಲ್ಲಿ ತುಳಿದು ಬಂದು, ಸರಸ್ವತಿಪುರಂನ ರೂಮಿನ ಗೇಟಿಗೆ ಸೈಕಲ್ ಒರಗಿಸಿ, ಓನರ್ ಆಂಟಿ ನೋಡುನೋಡುತ್ತಿದ್ದಂತೆ ಮತ್ತೆ ಓಡಿಹೋಗುತ್ತಿದ್ದೆ. "ಏನಾದ್ರೂ ಮರೆತು ಬಂದ್ಯಾ?" ಅಂತ ಅವರು ಪ್ರತಿ ಭಾನುವಾರವೂ ಕೇಳುತ್ತಿದ್ದರು. ಲೇಹ್ಯದ ಪೊಟ್ಟಣಗಳ ಜಾಗಕ್ಕೆ ಬೆಲ್ಲ, ಕಡಲೆಬೀಜ, ಬಾಳೆಹಣ್ಣು ಬಂದವು. ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಭೇದಿಯಾದ ಮಕ್ಕಳಿಗೆ ಅಂಗನವಾಡಿಯಲ್ಲಿ ಹೇಳಿಕೊಡುವ ಅದೇ ನೀರು ನನ್ನ ಸ್ಪೋರ್ಟ್ಸ್ ಡ್ರಿಂಕ್. ಹೆಲ್ಮೆಟ್ ರಸಾಯನಶಾಸ್ತ್ರದ ಗೆಳತಿಯದು. ಶೂ ಹಳೆಯದೇ, ಅಗ್ರಹಾರ ಸರ್ಕಲ್ಲಿನ ಹತ್ತಿರ 120 ರೂಪಾಯಿ ಕೊಟ್ಟು ಹೊಲಿಸಿದೆ.

ಇಲ್ಲಿಯವರೆಗೆ ನೋಟ್‌ಬುಕ್ಕು ನನ್ನ ಮಾತು ಕೇಳುತ್ತಿತ್ತು. ಕೇಳದೆ ಹೋದದ್ದು ನೀರು.

ಈಜುಕೊಳಕ್ಕೆ ತಿಂಗಳಿಗೆ 700, ಮೂರು ತಿಂಗಳಿಗೆ 2,100. ಮೊಣಕಾಲಿನವರೆಗಿನ ಈಜುಡುಗೆ 750, ಕನ್ನಡಕ 300, ಟೋಪಿ 70. ಒಟ್ಟು 6,600, ಮಿತಿಯೊಳಗೇ ಇದೆ. ಆದರೆ ಮೊದಲ ದಿನ ಹೆಂಗಸರ ಬ್ಯಾಚಿನಲ್ಲಿ ಏಳೆಂಟು ವರ್ಷದ ಮಕ್ಕಳ ನಡುವೆ, ಎದೆಯಷ್ಟು ನೀರಿನಲ್ಲಿ ಕಂಬಿ ಹಿಡಿದು ನಿಂತವಳು ಒಂದು ಗಂಟೆ ಹಾಗೇ ನಿಂತಿದ್ದೆ. ಮುಖ ನೀರಿಗೆ ತಾಗಿಸಲು ಆಗಲಿಲ್ಲ.

ಕಾರಣ ನನಗೆ ಗೊತ್ತಿತ್ತು. ನಮ್ಮೂರು ವಿಶ್ವೇಶ್ವರಯ್ಯ ನಾಲೆಯ ಬದಿಗಿದೆ. ಗದ್ದೆ, ಕಬ್ಬು, ಮನೆಯ ಅನ್ನ ಎಲ್ಲ ಆ ನೀರಿನದೇ. ಆದರೆ ನಾಲೆಯ ಮೆಟ್ಟಿಲಿಗೆ ನಾವು ಮಕ್ಕಳು ಕಾಲಿಡುವಂತಿರಲಿಲ್ಲ. ನಾನು ಹುಟ್ಟುವ ಮೊದಲೇ ಅವ್ವನ ಅಣ್ಣ ಆ ನಾಲೆಯಲ್ಲಿ ಹೋಗಿದ್ದರು. ಜಾರಿಬಿದ್ದ ಎತ್ತನ್ನು ಎಳೆಯಲು ಇಳಿದವರು. ಎತ್ತು ದಡ ಸೇರಿತು. ಮನೆಯಲ್ಲಿ ಅವರ ಫೋಟೋ ಇಲ್ಲ, ಮಾತೂ ಇಲ್ಲ. ಇದ್ದದ್ದು ನಿಷೇಧ ಒಂದೇ. ಒಮ್ಮೆ ಬೇಸಿಗೆಯಲ್ಲಿ ನಾನು ಮೆಟ್ಟಿಲಲ್ಲಿ ಕೂತು ಕಾಲು ಇಳಿಬಿಟ್ಟಿದ್ದಕ್ಕೆ ಅವ್ವ ಹುಣಿಸೆ ಬರಲಿನಲ್ಲಿ ಹೊಡೆದಿತ್ತು. ಅವ್ವ ನನ್ನನ್ನು ಹೊಡೆದದ್ದು ಅದೊಂದೇ ಸಲ.

ಈಜುಕೊಳದಲ್ಲಿ ಕಲಿಸುವವರು ಐವತ್ತು ದಾಟಿದ ಒಬ್ಬ ಹೆಂಗಸು. ಅವರು ಧೈರ್ಯದ ಮಾತಾಡಲಿಲ್ಲ. "ಶ್ವಾಸಕೋಶದಲ್ಲಿ ಗಾಳಿ ಇದೆ, ಅದಕ್ಕೆ ಎದೆ ತೇಲುತ್ತೆ. ಕಾಲು ಭಾರ, ಮುಳುಗುತ್ತೆ. ನೀನು ಹೆದರಿ ತಲೆ ಎತ್ತಿದಷ್ಟೂ ಕಾಲು ಇನ್ನಷ್ಟು ಕೆಳಗೆ ಹೋಗುತ್ತೆ" ಅಂದರು. ನೀರೊಳಗೆ ಉಸಿರು ಬಿಡುವುದನ್ನೇ ಎರಡು ವಾರ ಮಾಡಿಸಿದರು. ಉಸಿರು ಹಿಡಿದಿಟ್ಟುಕೊಂಡರೆ ಗಾಬರಿ, ಗುಳ್ಳೆಗುಳ್ಳೆಯಾಗಿ ಬಿಟ್ಟುಬಿಟ್ಟರೆ ಮುಂದಿನ ಉಸಿರಿಗೆ ಜಾಗ. ನವೆಂಬರ್ ಕೊನೆಗೆ 10 ಮೀಟರ್. ಡಿಸೆಂಬರ್ ನಡುವೆ ಕೊಳದ ಅಗಲ, 25 ಮೀಟರ್. ಹಾಗೆ 30 ಸಲ ಹೋದರೆ 750. ನಾನು ಒಂದರಲ್ಲೇ ಸುಸ್ತಾಗಿದ್ದೆ. ಬರೆದ 2,000ವನ್ನು ಹೊಡೆದುಹಾಕಿ 'ನಷ್ಟ' ಅಂತ ಬರೆಯೋಣವೇ ಅಂತ ಒಂದೆರಡು ಸಲ ಅನಿಸಿತ್ತು.

ಕ್ರಿಸ್ಮಸ್ ರಜೆಗೆ ಊರಿಗೆ ಹೋದೆ. ಬಟ್ಟೆ ಒಗೆಯಲು ಅವ್ವ ನನ್ನ ಬ್ಯಾಗಿಗೆ ಕೈ ಹಾಕಿದಾಗ ಈಜಿನ ಕನ್ನಡಕ ಸಿಕ್ಕಿತು. ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸಿ ನೋಡಿತು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಎಷ್ಟು ಕೊಟ್ಟೆ ಅಂತ ಕೇಳಿತು, ಹೇಳಿದೆ. ಎಲ್ಲ ಹೇಳಿಬಿಟ್ಟೆ. ಸೈಕಲ್ಲಿನ ಸುಳ್ಳು, ಕಟ್ಟಿದ ದುಡ್ಡು, ಕೆರೆ, ಭಾನುವಾರ. ಹುಣಿಸೆ ಬರಲಿನ ವಯಸ್ಸು ದಾಟಿದ್ದೆನಾದರೂ ಬೆನ್ನು ಬಿಗಿದುಕೊಂಡಿತ್ತು.

ಅವ್ವ ಬಹಳ ಹೊತ್ತು ಸುಮ್ಮನಿತ್ತು. ಆಮೇಲೆ ಕೇಳಿತು: "ಉಸ್ರು ಯಾವ್ ಕಡೀಕ್ ತಿರ್ಗಿ ತಕತೀಯ?"

ನನಗೆ ಮೊದಲು ಪ್ರಶ್ನೆಯೇ ಅರ್ಥವಾಗಲಿಲ್ಲ. ಈಜದವರು ಕೇಳುವ ಪ್ರಶ್ನೆ ಅಲ್ಲ ಅದು. ಬಲಕ್ಕೆ ಅಂದೆ. "ಬರೀ ಬಲಕ್ಕಾದ್ರೆ ಸೊಟ್ಟ ವೋಯ್ತೀಯ. ಕೆರೇಲಿ ಕಂಬಿ ಇರಕಿಲ್ಲ, ಗೀಟು ಇರಕಿಲ್ಲ. ನಡ್ ನಡುವೆ ತಲೆ ಎತ್ತಿ ಯಾವ್ದಾರಾ ಮರ ನೋಡ್ಕಬೇಕು" ಅಂತ ಹೇಳಿ ಬಟ್ಟೆ ಬಕೆಟ್ಟಿಗೆ ಹಾಕಿತು.

ಆ ಸಂಜೆ ಹಾಲು ಕರೆಯುತ್ತ, ನನ್ನ ಕಡೆ ನೋಡದೆ, ಹಸುವಿಗೆ ಹೇಳುವಂತೆ ಅವ್ವ ಹೇಳಿತು. ತೌರೂರಿನ ಕೆರೆಯಲ್ಲಿ ಅದಕ್ಕೆ ಈಜು ಕಲಿಸಿದ್ದು ಅದೇ ಅಣ್ಣ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಏರಿಯ ಮೇಲಿಂದ ನೂಕುತ್ತಿದ್ದರಂತೆ. ಒಂದು ಬೇಸಿಗೆ ಕಳೆದ ಮೇಲೆ ಬುರುಡೆ ಬೇಕಾಗಲಿಲ್ಲ. ತೂಬಿನಿಂದ ಕೆರೆಯ ನಡುವಿನ ಬಂಡೆಗೆ ಹೋಗಿ ಬಂಡೆ ಮುಟ್ಟಿ ಬರುವುದು ಪಂದ್ಯ. ಗಂಡುಹುಡುಗರು ಸೋಲುತ್ತಿದ್ದರಂತೆ. ಹದಿಮೂರಕ್ಕೆ ದೊಡ್ಡವಳಾದಳು ಅಂತ ಒಳಗೆ ಕೂರಿಸಿದರು. ಮತ್ತೆ ಕೆರೆಗೆ ಕಳಿಸಲಿಲ್ಲ. ಮರುವರ್ಷ ಅಣ್ಣ ಹೋದರು. "ಈಜು ಬರ್ದವ್ರು ಎದ್ರಿ ದೂರ ನಿಂತ್ಕತಾರೆ. ಬರೋನೇ ಎತ್ತಿಂದೆ ವೋದ" ಅಂದಿತು.

ನಾನು ಫೋನಿನ ಮ್ಯಾಪಿನಲ್ಲಿ ಆ ಕೆರೆ ಹುಡುಕಿ ತೂಬಿನಿಂದ ಬಂಡೆಯ ದೂರ ಅಳೆದೆ. ಹತ್ತಿರ ಹತ್ತಿರ 120 ಮೀಟರ್. ಹೋಗಿ ಬರಲು 240.

"ನಿಂದು ಎಷ್ಟು?"

"750."

"ಮೂರ್ ಸಲ ವೋಗಿ ಬಂದಂಗೆ, ವಸಿ ಜಾಸ್ತಿ" ಅಂತ ಬೆರಳಲ್ಲಿ ಲೆಕ್ಕ ಹಾಕಿತು. ಹಾಲಿನ ಪಾತ್ರೆ ಎತ್ತಿಕೊಂಡು ಎದ್ದು, "ನಾನು ಒಂದಿನ ಎರಡ್ ಸಲ ವೋಗಿ ಬಂದಿದ್ದೆ" ಅಂದಿತು.

ಅವ್ವನ ಸಂಘವೂ ನನ್ನ ಸಮೀಕ್ಷೆಯಲ್ಲಿದೆ. ಎರಡು ವರ್ಷದ ಹಿಂದೆ ಅವ್ವನ ಫಾರಂ ತುಂಬಿದ್ದು ನಾನೇ, ರಾತ್ರಿ ಅದು ಮಲಗಿದ ಮೇಲೆ, ಕೇಳದೆ. ನನಗೆ ಗೊತ್ತಿಲ್ಲದ್ದು ಏನಿದೆ ಅಂತ. ಇಪ್ಪತ್ತೇಳನೇ ಪ್ರಶ್ನೆಗೆ ನಾನೇ ಸೊನ್ನೆ ಬರೆದಿದ್ದೆ. ಲೆಕ್ಕದ ಪ್ರಕಾರ ಅದು ಸರಿಯೇ. ಆ ತಿಂಗಳು ಅವ್ವ ತನಗಾಗಿ ಏನೂ ಖರ್ಚು ಮಾಡಿರಲಿಲ್ಲ. ಆದರೆ ಖರ್ಚು ಮಾಡಿದ್ದು ಎಷ್ಟು ಅಂತ ಕೇಳಿದರೆ, ಇದ್ದದ್ದೇನು, ಅದು ಯಾವಾಗ ನಿಂತುಹೋಯಿತು ಅನ್ನುವುದು ಸಿಗುವುದಿಲ್ಲ. ಬಿಟ್ಟುಕೊಟ್ಟದ್ದು ಖರ್ಚಿನ ಕಾಲಂಗೆ ಬರುವುದಿಲ್ಲ. ಜಗುಲಿಯ ಮೇಲೆ ನಕ್ಕಿದ್ದ ಅಷ್ಟೂ ಹೆಂಗಸರ ಮುಂದೆ ನಾನು ತಪ್ಪು ಪ್ರಶ್ನೆ ಇಟ್ಟುಕೊಂಡು ಕೂತಿದ್ದೆ. ನನ್ನ ಸೊನ್ನೆಗಳಲ್ಲಿ ಎಷ್ಟು ಜನ ಈಜು ಬಲ್ಲವರಿದ್ದರೋ, ಹಾಡು ಕಟ್ಟುವವರಿದ್ದರೋ, ಮರ ಹತ್ತುವವರಿದ್ದರೋ.

ಜನವರಿಯಲ್ಲಿ ಮೇಡಂ ಹತ್ತಿರ ಹೋಗಿ ಇಪ್ಪತ್ತೇಳನೇ ಪ್ರಶ್ನೆ ಕೈಬಿಡುವುದಿಲ್ಲ, ಬದಲಿಸುತ್ತೇನೆ ಅಂದೆ. "ಮದುವೆಗೆ ಮೊದಲು ನಿಮಗೆ ಇಷ್ಟವಾಗಿ ಮಾಡುತ್ತಿದ್ದುದು ಏನು? ಅದು ಯಾವಾಗ, ಏಕೆ ನಿಂತಿತು?" ಅವರು ಕನ್ನಡಕ ತೆಗೆದು, "ಇನ್ನೊಂದು ಸುತ್ತು ಫೀಲ್ಡಿಗೆ ಹೋಗಬೇಕಾಗುತ್ತೆ. ಸಲ್ಲಿಕೆ ಆರು ತಿಂಗಳು ಮುಂದೆ ಹೋಗುತ್ತೆ. ನಿನಗೆ ಫೆಲೋಶಿಪ್ಪೂ ಇಲ್ಲ. ಯೋಚನೆ ಮಾಡು" ಅಂದರು. ಅದು ನಿಜ. ಯೋಚನೆ ಮಾಡುತ್ತಿದ್ದೇನೆ. ಹಳ್ಳಿಗಳ ಬಸ್ ಚಾರ್ಜನ್ನು ಅದೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿದ್ದೇನೆ. ನಾಲ್ಕು ಹಳ್ಳಿಗಳಿಗೆ ಸೈಕಲ್ಲಿನಲ್ಲೇ ಹೋಗಬಹುದು.

ನೀರಿನ ಭಯ ಹೋಗಿಲ್ಲ. ಹೋಗುತ್ತದೆ ಅಂತಲೂ ಅನಿಸುವುದಿಲ್ಲ. ಆದರೆ ಕೊಳದಲ್ಲಿ ಅರ್ಧಕ್ಕೆ ಉಸಿರು ಕಟ್ಟಿದಾಗ, ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಪಕ್ಕದ ಸಾಲಿನಲ್ಲಿ ನನಗಿಂತ ಮುಂದೆ ಹೋಗುತ್ತಿದ್ದಾಳೆ ಅಂದುಕೊಳ್ಳುತ್ತೇನೆ. ಈಗ ಎಡಕ್ಕೂ ಉಸಿರು ತೆಗೆದುಕೊಳ್ಳಲು ಬರುತ್ತದೆ. ಸುಸ್ತಾದರೆ ಕಪ್ಪೆಯ ಹಾಗೆ ಈಜಿದರೂ ನಡೆಯುತ್ತದೆ, ಸ್ಪರ್ಧೆಯಲ್ಲಿ ಇಂಥದೇ ಶೈಲಿ ಅಂತಿಲ್ಲ. ಕಳೆದ ವಾರ ನಿಲ್ಲದೆ 600 ಮೀಟರ್ ಆಯಿತು.

ಮೊನ್ನೆ ಫೋನಿನಲ್ಲಿ ಅವ್ವನಿಗೆ ಹೇಳಿದೆ. ನನ್ನ ಥೀಸಿಸ್ ಎಲ್ಲಿಗೆ ಬಂತು ಅಂತ ಒಂದು ದಿನವೂ ಕೇಳದ ಅವ್ವ, "ಇನ್ನೊಂದ್ ಸಲ ಬಂಡೆ ಮುಟ್ಟೋಷ್ಟು ಬಾಕಿ" ಅಂದಿತು. ಆಮೇಲೆ ದನಿ ಬದಲಾಯಿತು. ನೀರಲ್ಲಿ ಜೊತೆಗೆ ಯಾರಿರುತ್ತಾರೆ ಅಂತ ಕೇಳಿತು. ಪುಟ್ಟ ದೋಣಿಗಳಲ್ಲಿ ಜನ ಇರುತ್ತಾರೆ, ಕೈ ಎತ್ತಿದರೆ ಬರುತ್ತಾರೆ, ದೋಣಿ ಹಿಡಿದು ದಣಿವಾರಿಸಿಕೊಂಡರೂ ಔಟ್ ಅಲ್ಲ, ದೋಣಿ ನಮ್ಮನ್ನು ಮುಂದಕ್ಕೆ ಎಳೆಯಬಾರದು ಅಷ್ಟೇ ಅಂದೆ. ಆ ನಿಯಮವನ್ನು ಎರಡು ಸಲ ಹೇಳಿಸಿಕೊಂಡಿತು.

"ಸುಸ್ತಾದ್ರೆ ಇಡ್ಕ. ನಾಚ್ಕಬ್ಯಾಡ."

"ಹೂಂ."

"ಭಾನ್ವಾರ ಮೊದಲ್ನೇ ಬಸ್ಸಿಗೆ ಬತ್ತೀನಿ."

ಅವ್ವ ನೀರಿನ ಹತ್ತಿರ ಬರುವುದನ್ನು ನಾನು ನನ್ನ ಇಪ್ಪತ್ತೆಂಟು ವರ್ಷದಲ್ಲಿ ಕಂಡಿಲ್ಲ. ಏನು ಹೇಳಬೇಕೋ ತಿಳಿಯಲಿಲ್ಲ. ಅಷ್ಟು ಹೊತ್ತಿಗೆ ಬಿಸಿಲಿರುತ್ತದೆ, ಕೂರಲು ನೆರಳು ಇರುತ್ತದೋ ಇಲ್ಲವೋ, ಈಜು ಬೇಗ ಶುರುವಾಗುತ್ತದೆ, ನೋಡಲು ಸಿಗದೆಯೂ ಹೋಗಬಹುದು ಅಂತ ಏನೇನೋ ಅಂದೆ.

"ನೋಡಕಲ್ಲ ಕಣೆ" ಅಂದಿತು ಅವ್ವ. "ನಾನು ಆ ಕಡೀಕೆ ತಿರುಕ್ಕೊಂಡು ನಿಂತಿರ್ತೀನಿ. ನೀನು ಮ್ಯಾಲೆ ಬಂದ್ಮೇಲೆ ಕೂಗು."